ಬೇಟೆಬಿಲ್ಲಿಗೆ ಯಾವ ರೆಸ್ಟ್? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು. ಹತ್ತು ವರ್ಷಗಳಿಂದ ಅಮೆರಿಕದ ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಬಳಿಯ ಕಾರು ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದೇನೆ. ಸಹೋದ್ಯೋಗಿಗಳ ಜೊತೆಗೂಡಿ ಬಿಲ್ಲುಗಾರಿಕೆ ಕಲಿತೆ, ಬೇಟೆಗಾರರ ಸುರಕ್ಷತಾ ತರಬೇತಿಯನ್ನೂ ಮುಗಿಸಿದೆ. ಈ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ಜಿಂಕೆ ಬೇಟೆಗೆ ಹೊರಡಬೇಕೆಂದಿದ್ದೇನೆ. ನನ್ನದು 60 ಪೌಂಡ್ ಎಳೆತದ ಕಾಂಪೌಂಡ್ ಬಿಲ್ಲು, ಅಂದರೆ ತುದಿಗಳಲ್ಲಿ ಕ್ಯಾಮು ಎಂಬ ಚಕ್ರಗಳೂ ಅವುಗಳ ನಡುವೆ ಕೇಬಲ್ಲುಗಳೂ ಇರುವಂಥದು. ಬಾಣ ಕೂರುವ ರೆಸ್ಟ್ ಕೊಳ್ಳಲು ಹೋದರೆ ಅಂಗಡಿಯವರು ಎರಡು ಬಗೆ ತೋರಿಸಿದರು. ಒಂದು ಬ್ರಷ್ಷಿನಂಥ ಬಳೆ, ಇನ್ನೊಂದು ಬಾಣ ಹೊರಟೊಡನೆ ಕೆಳಗೆ ಬಿದ್ದು ದಾರಿ ಬಿಡುವ ‘ಡ್ರಾಪ್-ಅವೇ’. ಬೆಲೆಯಲ್ಲಿ ನಾಲ್ಕು ಪಟ್ಟು ವ್ಯತ್ಯಾಸವಿದೆ. ಯಾವುದನ್ನು ಕೊಳ್ಳಲಿ?

ಉತ್ತರ: ನಿಮ್ಮ ಮೊದಲ ಋತುವಿಗೆ ಬ್ರಷ್ಷಿನ ಬಳೆಯನ್ನೇ ಕೊಳ್ಳಿ. ಇದು ಹಣ ಉಳಿಸುವ ಸಲಹೆಯಲ್ಲ, ಆದ್ದರಿಂದ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಭ್ಯಾಸದ ಅಂಗಳದಲ್ಲಿ ನಾವು ಬಾಣ ಹೂಡಿ, ಕಾಲು ಊರಿ, ಉಸಿರು ನಿಲ್ಲಿಸಿ, ನಮಗೆ ಬೇಕಾದ ಹೊತ್ತಿಗೆ ಬಿಡುತ್ತೇವೆ. ಅಲ್ಲಿ ಬಹುಮಟ್ಟಿಗೆ ಎಲ್ಲ ರೆಸ್ಟ್‌ಗಳೂ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಮರದ ಮೇಲಿನ ಅಟ್ಟಣೆಯ ಸ್ಥಿತಿ ಬೇರೆ. ಕತ್ತಲಿರುವಾಗಲೇ ಹತ್ತಿ ಕುಳಿತು, ಎರಡು ಮೂರು ಗಂಟೆ ಅಲುಗಾಡದೆ ಕಾದು, ಬೆರಳು ಮರಗಟ್ಟಿದ ಹೊತ್ತಿಗೆ ಜಿಂಕೆ ಬರುತ್ತದೆ. ಅದು ಬರುವುದೂ ನೀವು ನೋಡುತ್ತಿರುವ ದಿಕ್ಕಿನಿಂದಲೇ ಎಂದು ಹೇಳಲಾಗದು. ಕುಳಿತಲ್ಲೇ ಸೊಂಟ ತಿರುಗಿಸಿ, ಕೊಂಬೆಗೆ ತಾಗದಂತೆ ಬಿಲ್ಲನ್ನು ಓರೆಯಾಗಿ ಎತ್ತಿ, ಗುಂಡಿಗೆ ಹೊಡೆದುಕೊಳ್ಳುತ್ತಿರುವಾಗ ಹೆದೆ ಎಳೆಯಬೇಕು. ಬೇಟೆಬಿಲ್ಲಿನ ರೆಸ್ಟನ್ನು ಈ ಕೊನೆಯ ಅರ್ಧ ನಿಮಿಷದಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದರಿಂದ ಅಳೆಯಬೇಕೇ ಹೊರತು ಅಂಗಡಿಯ ಗುರಿಹಲಗೆಯ ಮುಂದೆ ಅಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ನಾನು ಬಂದದ್ದು ಒಂದು ನವೆಂಬರ್ ಬೆಳಿಗ್ಗೆ. ಆಗ ನನ್ನ ಬಿಲ್ಲಿನಲ್ಲಿ ಎರಡು ಕಡ್ಡಿಗಳ ನಡುವೆ ಬಾಣ ಕೂರುವ ಹಳೆಯ ಮಾದರಿಯ ರೆಸ್ಟ್ ಇತ್ತು. ಹದಿನೆಂಟು ಗಜ ದೂರದಲ್ಲಿ ಹೆಣ್ಣು ಜಿಂಕೆಯೊಂದು ತಲೆ ತಗ್ಗಿಸಿ ಓಕ್ ಕಾಯಿ ಮೇಯುತ್ತಿತ್ತು. ಅರ್ಧ ಎಳೆದಿದ್ದೆ, ಚಳಿಗೆ ತೋಳು ನಡುಗಿತು, ಬಾಣ ಕಡ್ಡಿಗಳ ನಡುವಿನಿಂದ ಜಾರಿ ಬಿಲ್ಲಿನ ಅಲ್ಯೂಮಿನಿಯಂ ಹಿಡಿಭಾಗಕ್ಕೆ ‘ಟಿಣ್’ ಎಂದು ತಾಗಿತು. ನನ್ನ ಕಿವಿಗೆ ಅದು ಚಮಚ ಲೋಟಕ್ಕೆ ತಾಗಿದಷ್ಟು ಸಣ್ಣ ಸದ್ದು, ಆದರೆ ಜಿಂಕೆ ತಲೆ ಎತ್ತಿ ನೋಡುವುದಕ್ಕೂ ನಿಲ್ಲದೆ ಬಾಲದ ಬಿಳುಪು ತೋರಿಸಿ ಪೊದೆ ಸೇರಿತು. ಅದು ತಪ್ಪಿಸಿಕೊಂಡದ್ದಕ್ಕೆ ನನಗೆ ಬೇಸರವಿಲ್ಲ. ಬಾಣ ಒಂದು ಗಳಿಗೆ ತಡವಾಗಿ ಜಾರಿ, ಕೈ ಅದೇ ಹೊತ್ತಿಗೆ ಬಿಟ್ಟಿದ್ದರೆ ಅದು ಹೊಟ್ಟೆಗೋ ತೊಡೆಗೋ ನಾಟುತ್ತಿತ್ತಲ್ಲ ಎಂಬ ಯೋಚನೆ ಮಾತ್ರ ಆ ಇಡೀ ದಿನ ನನ್ನನ್ನು ಕಾಡಿತು. ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಜಾಗ ಸುಮಾರು 8 ಇಂಚು ಅಗಲದ ಒಂದು ವೃತ್ತದಷ್ಟು. ಅದರೊಳಗೆ ಬಾಣ ಹೋದರೆ ಪ್ರಾಣಿ ಕೆಲವೇ ಸೆಕೆಂಡುಗಳಲ್ಲಿ ಕುಸಿಯುತ್ತದೆ, ಹೊರಗೆ ಹೋದರೆ ಗಂಟೆಗಟ್ಟಲೆ ನರಳುತ್ತದೆ.

ಈಗ ನೀವು ನೋಡಿದ ಎರಡು ಬಗೆಗಳನ್ನು ಈ ಕಣ್ಣಿನಿಂದ ನೋಡೋಣ. ಬ್ರಷ್ಷಿನ ಬಳೆ, ಅಂದರೆ ‘ವಿಸ್ಕರ್ ಬಿಸ್ಕೆಟ್’ ಎಂಬ ಹೆಸರಿನಿಂದ ಎಲ್ಲರೂ ಗುರುತಿಸುವ ರೆಸ್ಟ್, ಸುತ್ತಲೂ ಬಿರುಸಾದ ಕೂದಲಿರುವ ಒಂದು ಉಂಗುರ. ನಡುವಿನ ತೂತಿನಲ್ಲಿ ಬಾಣ ಕೂರುತ್ತದೆ, ಒಳಗೆ ತೂರಿಸಲು ಮೇಲ್ಭಾಗದಲ್ಲಿ ಒಂದು ಸೀಳು ಇರುತ್ತದೆ. ಕೆಳಗಿನ ಕೂದಲು ಬಾಣದ ಭಾರ ಹೊರಬೇಕಾದ್ದರಿಂದ ಉಳಿದವುಗಳಿಗಿಂತ ಗಡುಸಾಗಿರುತ್ತದೆ. ಬಿಲ್ಲನ್ನು ತಲೆಕೆಳಗು ಮಾಡಿದರೂ ಬಾಣ ಬೀಳುವುದಿಲ್ಲ. ಎಳೆಯುವಾಗ ಬಾಣ ಕೂದಲಿನ ಮೇಲೆ ಜಾರುವುದರಿಂದ ಲೋಹಕ್ಕೆ ಲೋಹ ತಾಗುವ ಸದ್ದಿಲ್ಲ. ಚಲಿಸುವ ಭಾಗ ಒಂದೂ ಇಲ್ಲದ್ದರಿಂದ ಕೆಡುವುದಕ್ಕೂ ಏನೂ ಇಲ್ಲ.

ಇದರ ಮೇಲಿನ ದೂರು ಏನೆಂದರೆ, ಬಾಣದ ಗರಿಗಳು ಪ್ರತಿ ಸಲವೂ ಆ ಕೂದಲನ್ನು ಸೀಳಿಕೊಂಡು ಹೋಗಬೇಕು, ಅದರಿಂದ ವೇಗ ಕುಂದುತ್ತದೆ, ಗರಿ ಸವೆಯುತ್ತದೆ. ದೂರು ಸುಳ್ಳಲ್ಲ, ಆದರೆ ಅದರ ತೂಕವನ್ನು ಲೆಕ್ಕ ಹಾಕಿ ನೋಡಬೇಕು. ಸೆಕೆಂಡಿಗೆ 280 ಅಡಿ ವೇಗದಲ್ಲಿ ಹೊರಟ ಬಾಣ 20 ಗಜ ದೂರವನ್ನು ಸುಮಾರು 0.21 ಸೆಕೆಂಡಿನಲ್ಲಿ ಮುಟ್ಟುತ್ತದೆ. ವೇಗದಲ್ಲಿ 3 ಅಡಿ ಕಡಿಮೆಯಾಯಿತೆಂದು ಇಟ್ಟುಕೊಂಡರೂ ಬಾಣ ಬೀಳುವ ಜಾಗ ಅರ್ಧ ಸೆಂಟಿಮೀಟರಿನಷ್ಟು ಕೆಳಗಾಗುತ್ತದೆ, ಅದನ್ನೂ ಬಿಲ್ಲಿನ ಮೇಲೆ ಗುರಿ ನೋಡುವ ಕಡ್ಡಿಯನ್ನು, ಅಂದರೆ ಗುರಿಪಿನ್ನನ್ನು, ಹೊಂದಿಸುವಾಗಲೇ ಸರಿಮಾಡಿಕೊಂಡಿರುತ್ತೇವೆ. ಗರಿಯ ಸವೆತ ಇದಕ್ಕಿಂತ ನಿಜವಾದ ತೊಂದರೆ. ಉದ್ದನೆಯ ಮೆತ್ತನೆಯ ಪ್ಲಾಸ್ಟಿಕ್ ಗರಿಗಳು ಬೇಗ ಅಲೆಅಲೆಯಾಗಿ ಮುದುಡುತ್ತವೆ, ಹಕ್ಕಿಯ ಪುಕ್ಕವಂತೂ ಈ ಬಳೆಗೆ ಸಲ್ಲುವುದೇ ಇಲ್ಲ. ಹೆಚ್ಚುಕಡಿಮೆ 2 ಇಂಚು ಉದ್ದದ, ಗಡುಸಾದ ಗಿಡ್ಡ ಗರಿಗಳಿರುವ ಬಾಣಗಳನ್ನು ಆರಿಸಿಕೊಳ್ಳಿ. ಬಳೆಯ ತೂತು ನಿಮ್ಮ ಬಾಣದ ದಪ್ಪಕ್ಕೆ ಹೊಂದಬೇಕೆಂಬುದನ್ನೂ ಮರೆಯಬೇಡಿ. ಸಣ್ಣ ಬಾಣಕ್ಕೆ ದೊಡ್ಡ ತೂತಾದರೆ ಬಾಣ ಒಳಗೆ ಆಡುತ್ತದೆ, ಎರಡು ಸಲ ಒಂದೇ ಕಡೆ ಬೀಳುವುದಿಲ್ಲ.

ಡ್ರಾಪ್-ಅವೇ ರೆಸ್ಟ್ ಇನ್ನೊಂದು ತತ್ತ್ವದ್ದು. ಹೆದೆ ಎಳೆದಾಗ ಅದರ ಕವಲು ಮೇಲೆದ್ದು ಬಾಣವನ್ನು ಹೊರುತ್ತದೆ, ಬಿಟ್ಟಾಗ ಗರಿಗಳು ಅಲ್ಲಿಗೆ ಬರುವ ಮೊದಲೇ ಕೆಳಗೆ ಬಿದ್ದುಬಿಡುತ್ತದೆ. ಬಾಣಕ್ಕೆ ಏನೂ ತಾಗುವುದಿಲ್ಲವಾದ್ದರಿಂದ ಯಾವ ಗರಿಯನ್ನಾದರೂ ಹಚ್ಚಬಹುದು, ದೂರದ ಗುರಿಯಲ್ಲಿ ಬಾಣಗಳು ಒತ್ತೊತ್ತಾಗಿ ಬೀಳುತ್ತವೆ. ಇದರಲ್ಲಿ ಎರಡು ಜಾತಿ. ಒಂದರ ದಾರವನ್ನು ಬಿಲ್ಲಿನ ಕೇಬಲ್ಲಿಗೆ ಕಟ್ಟುತ್ತಾರೆ. ಎಳೆದಾಗ ಕೇಬಲ್ ಕೆಳಗಿಳಿದು ದಾರವನ್ನು ಜಗ್ಗಿ ಕವಲನ್ನು ಎತ್ತುತ್ತದೆ, ಬಿಟ್ಟಾಗ ಸ್ಪ್ರಿಂಗು ಕೆಳಗೆ ಹಾಕುತ್ತದೆ. ಇನ್ನೊಂದರ ದಾರ ಬಿಲ್ಲಿನ ತೋಳಿಗೆ, ಅಂದರೆ ಹಿಡಿಭಾಗದಿಂದ ಚಾಚಿ ಎಳೆದಾಗ ಬಾಗುವ ಭಾಗಕ್ಕೆ, ಕಟ್ಟಿದ್ದು, ಅಲ್ಲಿ ಎಲ್ಲವೂ ತಿರುಗುಮುರುಗು: ಸ್ಪ್ರಿಂಗು ಕವಲನ್ನು ಎತ್ತಲು ನೋಡುತ್ತಿರುತ್ತದೆ, ಬಿಗಿಯಾದ ದಾರ ಅದನ್ನು ಒತ್ತಿ ಹಿಡಿದಿರುತ್ತದೆ. ಎಳೆದಾಗ ತೋಳು ಬಾಗಿ ದಾರ ಸಡಿಲವಾಗಿ ಕವಲು ಏಳುತ್ತದೆ, ಬಿಟ್ಟಾಗ ತೋಳು ನೆಟ್ಟಗಾಗಿ ಅದನ್ನು ಜಗ್ಗಿ ಬೀಳಿಸುತ್ತದೆ.

ಈ ವ್ಯತ್ಯಾಸ ಅಂಗಡಿಯಲ್ಲಿ ಕೂದಲು ಸೀಳಿದಂತೆ ಕಾಣಬಹುದು, ಕಾಡಿನಲ್ಲಿ ಹಾಗಲ್ಲ. ಕೇಬಲ್ಲಿನ ಜಾತಿಯಲ್ಲಿ ದಾರ ಜಾರಿದರೆ ಅಥವಾ ಹರಿದರೆ ಕವಲು ಏಳುವುದೇ ಇಲ್ಲ, ಬಾಣ ಹೊರಲು ಏನೂ ಇಲ್ಲದೆ ಬೇಟೆ ಅಲ್ಲಿಗೇ ಮುಗಿಯುತ್ತದೆ. ತೋಳಿನ ಜಾತಿಯಲ್ಲಿ ದಾರ ಹರಿದರೆ ಕವಲು ಎದ್ದೇ ನಿಲ್ಲುತ್ತದೆ. ಗರಿ ತಾಗೀತು, ಆದರೆ ಹತ್ತಿರದ ಗುರಿಗೆ ಬಾಣವನ್ನು ಹೊರುವ ಕೆಲಸವಾದರೂ ಆಗುತ್ತದೆ. ಬೇಟೆಗೆಂದೇ ಡ್ರಾಪ್-ಅವೇ ಕೊಳ್ಳುವವರಿಗೆ ನಾನು ತೋಳಿನ ಜಾತಿಯನ್ನು ಹೇಳುವುದು ಈ ಕಾರಣಕ್ಕೆ. ಮೂರನೆಯ ಮಾದರಿಯೂ ಇದೆ. ಕ್ಯೂ.ಎ.ಡಿ. ಕಂಪನಿಯ ಅಲ್ಟ್ರಾರೆಸ್ಟ್‌ನಂಥವುಗಳಲ್ಲಿ ಹೆಬ್ಬೆರಳಿನಿಂದ ಕವಲನ್ನು ಮೊದಲೇ ಎತ್ತಿ ನಿಲ್ಲಿಸಬಹುದು, ಸುತ್ತಲಿನ ಚೌಕಟ್ಟು ಬಾಣವನ್ನು ಬೀಳದಂತೆ ಕಾಯುತ್ತದೆ, ಎಳೆದ ಹೆದೆಯನ್ನು ಬಿಡದೆ ನಿಧಾನವಾಗಿ ವಾಪಸು ತಂದರೂ ಕವಲು ಎದ್ದೇ ಇರುತ್ತದೆ. ಈ ಕೊನೆಯ ಗುಣದ ಬೆಲೆ ಬೇಟೆಗಾರನಿಗೆ ಗೊತ್ತು. ಜಿಂಕೆ ಮರದ ಮರೆಗೆ ಹೋಗಿ ನಿಂತುಬಿಟ್ಟಾಗ ತೋಳು ಸೋತು ಹೆದೆ ಇಳಿಸಬೇಕಾಗುತ್ತದೆ, ಆಗ ಬಾಣ ಕಳಚಿ ಬೀಳಬಾರದು.

ಹಾಗಿದ್ದರೂ ನಿಮಗೆ ಬಳೆಯನ್ನೇ ಹೇಳಿದ್ದೇಕೆ? ಡ್ರಾಪ್-ಅವೇಯ ದಾರವನ್ನು ಕಟ್ಟುವುದು, ಅದರ ಹೊತ್ತನ್ನು ಹೊಂದಿಸುವುದು, ಅದು ಹೊಂದಿಕೆ ತಪ್ಪಿದ್ದನ್ನು ಗುರುತಿಸುವುದು, ಇವು ಒಂದು ಋತು ಬಿಲ್ಲಿನೊಡನೆ ಕಳೆದ ಕೈಗೆ ಬರುವ ವಿದ್ಯೆ. ಮಿಷಿಗನ್‌ನಲ್ಲಿ ಬಿಲ್ಲುಬೇಟೆಯ ಋತು ಅಕ್ಟೋಬರ್ 1ರಿಂದ ನವೆಂಬರ್ 14ರವರೆಗೆ, ಬಂದೂಕಿನವರ ಸರದಿ ಮುಗಿದ ಮೇಲೆ ಮತ್ತೆ ಡಿಸೆಂಬರ್‌ನಲ್ಲಿ. ನೀವು ಹೋಗಬೇಕೆಂದಿರುವ ಅಕ್ಟೋಬರ್‌ನಲ್ಲಿ ಬಳೆಗೆ ಹವೆಯ ತೊಡಕೂ ಇಲ್ಲ. ಡಿಸೆಂಬರ್‌ನಲ್ಲಿ ಕೂತರೆ ಮಾತ್ರ ಒಂದು ಎಚ್ಚರ ಬೇಕು: ಹಿಮಮಳೆಯಲ್ಲಿ ಕೂದಲಿನ ನಡುವೆ ನೀರು ನಿಂತು ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿದ ಕೂದಲು ಬಾಣವನ್ನು ಹಿಡಿದೇಬಿಡುತ್ತದೆ. ಅರ್ಧ ಗಂಟೆಗೊಮ್ಮೆ ಬೆರಳಿನಿಂದ ಸವರಿ ಕೊಡವಿ. ಮಂಜಿನ ದಿನಗಳಲ್ಲೇ ಹೆಚ್ಚಾಗಿ ಬೇಟೆಯಾಡುವವರಾದರೆ ಎರಡನೆಯ ವರ್ಷ ಡ್ರಾಪ್-ಅವೇಗೆ ಹೋಗುವುದು ಸರಿ.

ಬಳೆಯ ಬೆಲೆ 50 ಡಾಲರ್ ಆಸುಪಾಸಿನಲ್ಲಿದ್ದರೆ ಒಳ್ಳೆಯ ಡ್ರಾಪ್-ಅವೇಗೆ 100ರಿಂದ 250 ಡಾಲರ್ ಬೇಕು. ಉಳಿದ ಹಣದಲ್ಲಿ ಅರ್ಧ ಡಜನ್ ಬಾಣ ಹೆಚ್ಚಿಗೆ ಕೊಂಡು ಸೆಪ್ಟೆಂಬರ್ ತಿಂಗಳಿಡೀ ಅಭ್ಯಾಸ ಮಾಡಿ.

ಕೂರಿಸುವಾಗ ಬಾಣ ಎಲ್ಲಿರಬೇಕೆಂದರೆ, ಪಕ್ಕದಿಂದ ನೋಡಿದರೆ ಅದರ ನಡುಗೆರೆ ರೆಸ್ಟಿನ ತಿರುಪು ಕೂರುವ ತೂತಿನ ಮಟ್ಟಕ್ಕೆ ಬರಬೇಕು, ಹೆದೆಗೆ ಲಂಬವಾಗಿರಬೇಕು. ಹಿಡಿಭಾಗದ ಒಳಮೈಯಿಂದ ಬಾಣದ ನಡುವಿಗೆ ಸುಮಾರು 13/16 ಇಂಚು, ಅಂದರೆ ಹೆಚ್ಚುಕಡಿಮೆ 20 ಮಿಲಿಮೀಟರ್, ಇಟ್ಟು ಶುರು ಮಾಡುವುದು ವಾಡಿಕೆ. ನಿಮ್ಮ ಬಿಲ್ಲಿನ ತಯಾರಕರು ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ.

ಪ್ರಶ್ನೆ: ನಾನು ಟೆಕ್ಸಸ್‌ನ ಆಸ್ಟಿನ್‌ನಲ್ಲಿದ್ದೇನೆ. ಕೇಬಲ್ಲಿಗೆ ಕಟ್ಟುವ ಡ್ರಾಪ್-ಅವೇ ರೆಸ್ಟ್ ಹಾಕಿಸಿ ಒಂದು ವರ್ಷವಾಯಿತು. ಅಭ್ಯಾಸದ ಮೊನೆಯ ಬಾಣಗಳು 30 ಗಜದಲ್ಲಿ ಸರಿಯಾಗಿಯೇ ಬೀಳುತ್ತವೆ. ಬೇಟೆಯ ಅಗಲ ಅಲಗು ಹಾಕಿದರೆ ಅದೇ ಬಾಣ ಐದು ಇಂಚು ಎಡಕ್ಕೆ ಹೋಗುತ್ತದೆ. ಬಿಡುವಾಗ ‘ಟಿಕ್’ ಎಂಬ ಸಣ್ಣ ಸದ್ದೂ ಈಚೆಗೆ ಕೇಳಿಸುತ್ತಿದೆ. ಗುರಿಪಿನ್ನನ್ನೇ ಎಡಕ್ಕೆ ಸರಿಸಿದರೆ ಸಾಕೇ?

ಉತ್ತರ: ಸಾಲದು, ದಯವಿಟ್ಟು ಹಾಗೆ ಮಾಡಬೇಡಿ. ಅಗಲ ಅಲಗು ಗಾಳಿಯಲ್ಲಿ ಇನ್ನೊಂದು ರೆಕ್ಕೆಯಂತೆ ವರ್ತಿಸುತ್ತದೆ. ಬಾಣ ಓರೆಯಾಗಿ ಹೊರಟರೆ ಅಭ್ಯಾಸದ ಮೊನೆಯ ಬಾಣವನ್ನು ಗರಿಗಳು ಹೇಗೋ ನೇರ್ಪಡಿಸಿಬಿಡುತ್ತವೆ, ಅಲಗಿನ ಬಾಣವನ್ನು ಅಲಗೇ ಆ ಓರೆಯ ಕಡೆಗೆ ಎಳೆದುಕೊಂಡು ಹೋಗುತ್ತದೆ. ಪಿನ್ ಸರಿಸಿದರೆ ಗುರಿ ಸಿಕ್ಕೀತು, ಆದರೆ ಬಾಣ ಓರೆಯಾಗಿಯೇ ಹೋಗಿ ನಾಟುತ್ತದೆ, ಆಳಕ್ಕೆ ಇಳಿಯುವುದಿಲ್ಲ.

ಮೊದಲು ಆ ‘ಟಿಕ್’ ಸದ್ದನ್ನು ಹಿಡಿಯೋಣ. ಮನೆಯಲ್ಲಿ ಕೆಂಪು ಲಿಪ್‌ಸ್ಟಿಕ್ ಇದ್ದರೆ ಗರಿಗಳ ಅಂಚಿಗೆ ತೆಳ್ಳಗೆ ಸವರಿ, ಗುರಿಹಲಗೆಗೆ ಹತ್ತಿರದಿಂದಲೇ ಒಂದು ಬಾಣ ಬಿಡಿ. ಆಮೇಲೆ ರೆಸ್ಟಿನ ಕವಲು, ಅದರ ಬುಡ, ಕೇಬಲ್ಲು, ಹಿಡಿಭಾಗದ ಒಳಮೈ ಇಷ್ಟನ್ನೂ ಟಾರ್ಚು ಹಾಕಿ ನೋಡಿ. ನನ್ನ ಬಳಿ ಹೀಗೇ ಬಿಲ್ಲು ತಂದ ಗೆಳೆಯರೊಬ್ಬರ ರೆಸ್ಟಿನ ಎಡ ಕವಲಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಕೆಂಪು ಗುರುತು ಸಿಕ್ಕಿತು, ಅವರ ಮೂರು ಗರಿಗಳಲ್ಲಿ ಒಂದರ ಹಿಂತುದಿ ಉಗುರಿನಿಂದ ಗೀರಿದಂತೆ ಸುಕ್ಕಾಗಿತ್ತು. ಕವಲು ಬೀಳುವುದು ಒಂದು ಕ್ಷಣ ತಡವಾಗುತ್ತಿದೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಲಿಪ್‌ಸ್ಟಿಕ್ ಇಲ್ಲದಿದ್ದರೆ ಕಾಲಿಗೆ ಹಾಕುವ ಪುಡಿಯ ಸ್ಪ್ರೇ ಸಿಗುತ್ತದೆ, ಅದನ್ನು ರೆಸ್ಟಿಗೂ ಗರಿಗಳಿಗೂ ಹೊಡೆದರೆ ತಾಗಿದ ಕಡೆ ಪುಡಿ ಅಳಿಸಿರುತ್ತದೆ.

ಒಂದು ವರ್ಷ ಬಳಸಿದ ದಾರವೂ ಕೇಬಲ್ಲೂ ಹಿಗ್ಗಿರುತ್ತವೆ, ದಾರ ಕೇಬಲ್ಲಿನ ಮೇಲೆ ಕೂದಲೆಳೆಯಷ್ಟು ಜಾರಿರಲೂಬಹುದು. ಇನ್ನೊಬ್ಬರಿಂದ ಹೆದೆಯನ್ನು ನಿಧಾನವಾಗಿ ಎಳೆಸಿ ಪಕ್ಕದಲ್ಲಿ ನಿಂತು ನೋಡಿ. ಎಳೆತದ ಕೊನೆಯ ಒಂದೆರಡು ಇಂಚು ಉಳಿದಿರುವಾಗ ಕವಲು ಪೂರ್ತಿ ಮೇಲೆದ್ದು ನಿಲ್ಲಬೇಕು. ಅದಕ್ಕಿಂತ ಬಹಳ ಮೊದಲೇ ಎದ್ದರೆ ಬಿಟ್ಟಾಗ ಬೀಳುವುದೂ ತಡವಾಗುತ್ತದೆ, ಪೂರ್ತಿ ಎಳೆದರೂ ಏಳದಿದ್ದರೆ ದಾರ ಸಡಿಲವಾಗಿದೆ. ಹೊಂದಿಸಿದ ಮೇಲೆ ದಾರ ಕೇಬಲ್ಲಿಗೆ ಸೇರುವ ಜಾಗದಲ್ಲಿ ಬಿಳಿ ಬಣ್ಣದ ಒಂದು ಚುಕ್ಕೆ ಇಡಿ. ಪ್ರತಿ ಬೇಟೆಗೆ ಮೊದಲು ಆ ಚುಕ್ಕೆ ನೋಡಲು ಎರಡು ಸೆಕೆಂಡು ಸಾಕು.

ಗರಿ ಎಲ್ಲೂ ತಾಗುತ್ತಿಲ್ಲ ಎಂದು ಖಚಿತವಾದ ಮೇಲೆ ಅಲಗಿನ ಬಾಣವನ್ನು ತಿದ್ದಬೇಕು. ನೆನಪಿಡಬೇಕಾದ ಸೂತ್ರ ಒಂದೇ: ಅಲಗಿನ ಬಾಣ ಅಭ್ಯಾಸದ ಬಾಣದ ಕಡೆಗೆ ಯಾವ ದಿಕ್ಕಿನಲ್ಲಿ ಬರಬೇಕೋ ಆ ದಿಕ್ಕಿಗೆ ರೆಸ್ಟನ್ನು ಸರಿಸಬೇಕು. ನಿಮ್ಮದು ಎಡಕ್ಕೆ ಹೋಗುತ್ತಿದೆ, ಆದ್ದರಿಂದ ರೆಸ್ಟು ಬಲಕ್ಕೆ. ಕೆಳಗೆ ಬೀಳುತ್ತಿದ್ದರೆ ರೆಸ್ಟು ಮೇಲಕ್ಕೆ. ಸರಿಸುವುದು ಒಂದು ಸಲಕ್ಕೆ 1/32 ಇಂಚು, ಅಂದರೆ ಮಿಲಿಮೀಟರಿಗೂ ಕಡಿಮೆ. ಪ್ರತಿ ಸಲ ಎರಡೂ ಬಗೆಯ ಮೂರು ಮೂರು ಬಾಣ ಬಿಟ್ಟು ನೋಡಿ, ಒಂದೇ ಬಾಣ ನೋಡಿ ತೀರ್ಮಾನಿಸಿದರೆ ನಿಮ್ಮ ಕೈಯ ತಪ್ಪನ್ನು ರೆಸ್ಟಿನ ತಪ್ಪೆಂದು ತಿಳಿಯುತ್ತೀರಿ. ಎರಡೂ ಒಂದೇ ಕಡೆ ಬೀಳತೊಡಗಿದ ಮೇಲೆ ಬೇಕಾದರೆ ಪಿನ್ ಮುಟ್ಟಿ.

ಸದ್ದಿನ ವಿಷಯದಲ್ಲಿ ಇನ್ನೊಂದು ಮಾತು. 30 ಗಜದ ದೂರಕ್ಕೆ ಬಿಲ್ಲಿನ ಸದ್ದು 0.08 ಸೆಕೆಂಡಿನಲ್ಲಿ ಮುಟ್ಟುತ್ತದೆ, ಬಾಣ ಮುಟ್ಟಲು 0.32 ಸೆಕೆಂಡು ಬೇಕು. ಬಿಳಿಬಾಲದ ಜಿಂಕೆ ಬೆದರಿದಾಗ ನೆಗೆಯುವ ಮೊದಲು ಕಾಲು ಮಡಿಸಿ ಮೈ ತಗ್ಗಿಸುತ್ತದೆ, ಅದಕ್ಕೆ ಆ ಕಾಲು ಸೆಕೆಂಡು ಸಾಕಾಗುತ್ತದೆ. ಆದ್ದರಿಂದ ಕವಲಿಗೂ ಅದು ಬಂದು ಬಡಿಯುವ ಜಾಗಕ್ಕೂ ಉಣ್ಣೆಬಟ್ಟೆಯ ಅಂಟುಪಟ್ಟಿ ಹಚ್ಚಿ, ಒದ್ದೆಯಾಗಿ ಕಿತ್ತುಬಂದಾಗ ಬದಲಿಸಿ.

ಪ್ರಶ್ನೆ: ವಿಸ್ಕಾನ್ಸಿನ್‌ನಲ್ಲಿರುವ ನನಗೆ ಕ್ಯಾಮು, ಕೇಬಲ್ಲು ಯಾವುದೂ ಬೇಡವೆನಿಸುತ್ತದೆ. ನನ್ನದು 45 ಪೌಂಡಿನ, ತುದಿಗಳು ಮುಂದಕ್ಕೆ ಬಾಗಿರುವ ಮರದ ರಿಕರ್ವ್ ಬಿಲ್ಲು, ಬೆರಳಿನಿಂದಲೇ ಹೆದೆ ಎಳೆಯುತ್ತೇನೆ. ಇದಕ್ಕೂ ಡ್ರಾಪ್-ಅವೇ ಹಾಕಬಹುದೇ?

ಉತ್ತರ: ಬೇಡ. ಬೆರಳಿನ ಬದಲು ಹೆದೆಯನ್ನು ಹಿಡಿದು ಬಿಡುವ ರಿಲೀಸ್ ಎಂಬ ಸಣ್ಣ ಯಂತ್ರದಿಂದ ಬಿಟ್ಟ ಬಾಣ ಮುಖ್ಯವಾಗಿ ಮೇಲೆ ಕೆಳಗೆ ಬಳುಕುತ್ತದೆ, ಡ್ರಾಪ್-ಅವೇ ಆ ಬಳುಕಿಗೆ ತಕ್ಕದ್ದು. ಬೆರಳಿನಿಂದ ಬಿಟ್ಟಾಗ ಹೆದೆ ಬೆರಳ ತುದಿಯನ್ನು ಸುತ್ತಿಕೊಂಡು ಜಾರುವುದರಿಂದ ಬಾಣ ಅಕ್ಕಪಕ್ಕಕ್ಕೆ ಬಳುಕಿ, ಹಾವಿನಂತೆ ಬಿಲ್ಲನ್ನು ಬಳಸಿಕೊಂಡು ಹೋಗುತ್ತದೆ. ಆ ಬಳುಕಿಗೆ ಪಕ್ಕದಲ್ಲಿ ಆಸರೆ ಬೇಕು. ನಿಮ್ಮಂಥ ಮರದ ಬಿಲ್ಲಿಗೆ ಹಿಡಿಯ ಮೇಲಿನ ಕಟ್ಟೆಯೇ ಒಳ್ಳೆಯ ರೆಸ್ಟ್. ಕಟ್ಟೆಯ ಮೇಲೆ ಗಿಡ್ಡ ಕೂದಲಿನ ತೊಗಲಿನ ತುಂಡು, ಪಕ್ಕಕ್ಕೆ ತೆಳ್ಳನೆಯ ಚರ್ಮ ಅಂಟಿಸಿ. ಬಾಣಕ್ಕೆ ಪ್ಲಾಸ್ಟಿಕ್ ಗರಿ ಬೇಡ, ಹಕ್ಕಿಯ ಪುಕ್ಕವೇ ಇರಲಿ. ಕಟ್ಟೆಗೆ ತಾಗಿದಾಗ ಪುಕ್ಕ ಮಡಿದು ಮತ್ತೆ ನೆಟ್ಟಗಾಗುತ್ತದೆ, ಪ್ಲಾಸ್ಟಿಕ್ ಬಾಣವನ್ನೇ ಆಚೆಗೆ ತಳ್ಳುತ್ತದೆ. ಬಣ್ಣ ಬೇರೆಯಿರುವ ಒಂಟಿ ಪುಕ್ಕ ಬಿಲ್ಲಿನಿಂದ ಹೊರಮುಖವಾಗಿರಬೇಕು. ಮಳೆಯಲ್ಲಿ ಪುಕ್ಕ ಅಂಟಿಕೊಳ್ಳುತ್ತದೆ, ಬತ್ತಳಿಕೆಗೆ ಒಂದು ಹೊದಿಕೆ ಇಟ್ಟುಕೊಳ್ಳಿ. ನೀವಿರುವ ರಾಜ್ಯ ಅಮೆರಿಕದಲ್ಲಿ ಬಿಲ್ಲಿಗೆಂದೇ ಪ್ರತ್ಯೇಕವಾದ ಜಿಂಕೆ ಋತುವನ್ನು 1934ರಲ್ಲಿ ಮೊದಲು ತೆರೆದ ರಾಜ್ಯ, ಕ್ಯಾಮಿನ ಬಿಲ್ಲು ಹುಟ್ಟಿದ್ದು ಅದಾದ ಮೂವತ್ತು ವರ್ಷಗಳ ಮೇಲೆ. ಆ ಕಾಲದ ಬೇಟೆಗಾರರ ಬಾಣಗಳು ಹಾರಿದ್ದು ನೀವು ಹಿಡಿದಿರುವಂಥ ಸರಳವಾದ ಬಿಲ್ಲುಗಳಿಂದಲೇ. ಅಲ್ಲಿನ ನಿಯಮದ ಕನಿಷ್ಠ ಎಳೆತ 30 ಪೌಂಡ್, ಆದ್ದರಿಂದ ನಿಮ್ಮ 45ಕ್ಕೆ ಅಡ್ಡಿಯಿಲ್ಲ. 20 ಗಜದ ಆಚೆಗೆ ಮಾತ್ರ ಬಿಡಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಕಾಂಪೌಂಡ್ ಬಿಲ್ಲು ಕಲಿಯುತ್ತಿರುವ ನನ್ನ ಮಗಳಿಗೆ ಅಮೆರಿಕದ ತಮ್ಮ ತನ್ನ ಹಳೆಯ ಬೇಟೆಬಿಲ್ಲನ್ನು ಬ್ರಷ್ಷಿನ ಬಳೆಯ ಸಮೇತ ಕೊಟ್ಟಿದ್ದಾನೆ. ಅದರಲ್ಲೇ ಸ್ಪರ್ಧಿಸಬಹುದೇ? ನಮ್ಮ ತೋಟಕ್ಕೆ ಬರುವ ಕಾಡುಹಂದಿಗೂ ಅದು ಆದೀತೇ ಎಂದು ಮಾವ ಕೇಳುತ್ತಿದ್ದಾರೆ.

ಉತ್ತರ: ಮಾವನವರ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಆಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯನ್ನು ಗಾಯಗೊಳಿಸುವುದೂ ಬೇಟೆಯೇ. ಆಯುಧ ಬಿಲ್ಲಾದರೆ ವಿನಾಯಿತಿಯೇನೂ ಇಲ್ಲ. ಬೆಳೆ ಹಾನಿಯಾಗಿದ್ದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಬೇಕು.

ಮಗಳ ವಿಷಯಕ್ಕೆ ಬಂದರೆ, ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಯಮದಲ್ಲಿ ಕಾಂಪೌಂಡ್ ಬಿಲ್ಲಿನ ಎಳೆತ 60 ಪೌಂಡ್ ಮೀರುವಂತಿಲ್ಲ. ಬೇಟೆಬಿಲ್ಲುಗಳಲ್ಲಿ 70 ಪೌಂಡಿನವು ಸಾಮಾನ್ಯವಾದ್ದರಿಂದ ಅದನ್ನು ಮೊದಲು ಅಳೆಸಿ. ಹುಡುಗಿಯ ತೋಳಿಗೆ ಎಷ್ಟು ಸಲ್ಲುತ್ತದೆಂಬುದನ್ನು ತರಬೇತುದಾರರೇ ಹೇಳಲಿ. ಬಳೆಯಲ್ಲಿ ಕಲಿಯಲು ಶುರು ಮಾಡಬಹುದು, ಬಾಣ ಬೀಳುವ ಗೊಡವೆಯಿಲ್ಲದೆ ನಿಲುವಿಗೂ ಬಿಡುವ ಕೈಗೂ ಗಮನ ಕೊಡಲು ಅದು ಒಳ್ಳೆಯದೇ. ಆದರೆ 50 ಮೀಟರ್ ಗುರಿಯಲ್ಲಿ ದಿನಕ್ಕೆ ನೂರಾರು ಬಾಣ ಬಿಡುವ ಹಂತ ಬಂದಾಗ ಕೂದಲು ಸವೆದು, ಬಾಣ ಕೂರುವ ಮಟ್ಟ ತಿಂಗಳು ತಿಂಗಳಿಗೂ ಇಳಿಯುತ್ತ ಹೋಗುತ್ತದೆ. ಆಗ ಗುರಿಸ್ಪರ್ಧೆಯವರು ಬಳಸುವ ಉಕ್ಕಿನ ತೆಳು ನಾಲಿಗೆಯ ರೆಸ್ಟ್ ಕೊಡಿಸಿ. ಕಾಲು ಮಿಲಿಮೀಟರ್ ದಪ್ಪದ ಆ ಪಟ್ಟಿಯ ಕವಲಿನಲ್ಲಿ ಬಾಣ ಕೂರುತ್ತದೆ, ಬಿಟ್ಟಾಗ ನಾಲಿಗೆ ತುಸು ಬಾಗಿ ಬಾಣವನ್ನು ಸಾಗಹಾಕುತ್ತದೆ, ಬಾಗಿ ಸೋತ ಪಟ್ಟಿಯನ್ನು ಕೆಲವು ನಿಮಿಷಗಳಲ್ಲಿ ಬದಲಿಸಬಹುದು. ಮರ ಹತ್ತುವ ಬೇಟೆಗಾರನಿಗೆ ಅದು ಕೆಲಸಕ್ಕೆ ಬಾರದು, ಏಕೆಂದರೆ ಬಿಲ್ಲು ಓರೆಯಾದರೆ ಬಾಣ ಉರುಳುತ್ತದೆ. ಸಮನೆಲದ ಮೇಲೆ ನೆಟ್ಟಗೆ ನಿಲ್ಲುವ ನಿಮ್ಮ ಮಗಳಿಗೆ ಆ ತೊಂದರೆಯಿಲ್ಲ. ಪಟ್ಟಿಯ ಓರೆಯನ್ನು ಮೊದಲು ಸುಮಾರು 30 ಡಿಗ್ರಿಗೆ ಇಟ್ಟು, ಗರಿ ತಾಗುತ್ತದೆಯೇ ಎಂದು ಮೇಲೆ ಹೇಳಿದ ಲಿಪ್‌ಸ್ಟಿಕ್ ಪರೀಕ್ಷೆಯಿಂದಲೇ ನೋಡಿಕೊಳ್ಳಿ.